ಹಲ್ಲಿನ ಹುಳುಕು ಮತ್ತು ಎಂಆರ್‌ಐ: ನೀರಿನ ಜಾಡು ಹಿಡಿದು

ಮಿದುಳು, ಬೆನ್ನುಹುರಿ, ಮೊಣಕಾಲುಗಳನ್ನು ಅಷ್ಟು ಸ್ಪಷ್ಟವಾಗಿ ತೋರಿಸುವ ಎಂಆರ್‌ಐ ಹಲ್ಲಿನ ವಿಷಯದಲ್ಲಿ ಇಷ್ಟು ಕಾಲ ಏಕೆ ಹಿಂದೆ ಉಳಿಯಿತು ಎಂಬುದಕ್ಕೆ ಕಾರಣ ಹಲ್ಲಿನ ರಚನೆಯಲ್ಲೇ ಇದೆ. ಈ ಯಂತ್ರವು ಗ್ರಹಿಸುವುದು ಮುಖ್ಯವಾಗಿ ನೀರು ಮತ್ತು ಕೊಬ್ಬಿನಲ್ಲಿರುವ ಜಲಜನಕದ ಸಂಕೇತವನ್ನು. ಹಲ್ಲಿನ ಹೊರಕವಚವಾದ ಎನಾಮೆಲ್‌ನಲ್ಲಾದರೋ ತೂಕದ ಲೆಕ್ಕದಲ್ಲಿ ಸುಮಾರು ಶೇ. 96 ಭಾಗ ಖನಿಜವೇ. ಅದರ ಕೆಳಗಿನ ಡೆಂಟಿನ್‌ನಲ್ಲಿ ನೀರಿನ ಪಾಲು ಹೆಚ್ಚುಕಡಿಮೆ ಶೇ. 10 ಮಾತ್ರ. ಇರುವ ಆ ಅಲ್ಪ ನೀರು ಕೂಡ ಖನಿಜದ ನಡುವೆ ಬಿಗಿಯಾಗಿ ಸಿಕ್ಕಿಕೊಂಡಿರುವುದರಿಂದ ಅದರ ಸಂಕೇತ ಒಂದು ಮಿಲಿಸೆಕೆಂಡ್ ತುಂಬುವ ಮೊದಲೇ ಅಡಗಿಹೋಗುತ್ತದೆ. ವಾಡಿಕೆಯ ಎಂಆರ್‌ಐ ವಿಧಾನಗಳು ಸಂಕೇತವನ್ನು ದಾಖಲಿಸಲು ತೊಡಗುವುದೇ ಕೆಲವು ಮಿಲಿಸೆಕೆಂಡ್‌ಗಳ ನಂತರ. ಹೀಗಾಗಿ ಆ ಚಿತ್ರಗಳಲ್ಲಿ ಹಲ್ಲು ಇದ್ದ ಜಾಗವೆಲ್ಲ ಕಪ್ಪು, ನರ, ರಕ್ತನಾಳಗಳಿರುವ ಒಳಗಿನ ಮೃದುವಾದ ತಿರುಳು ಮಾತ್ರ ಬೆಳ್ಳಗೆ ಕಾಣುತ್ತದೆ.

ಸಂಕೇತ ಹುಟ್ಟಿದ ಮರುಕ್ಷಣವೇ, ಮೈಕ್ರೋಸೆಕೆಂಡ್‌ಗಳ ಲೆಕ್ಕದಲ್ಲಿ ಅದನ್ನು ಹಿಡಿಯುವ ಯುಟಿಇ, ಝಡ್‌ಟಿಇ ಮುಂತಾದ ವಿಧಾನಗಳು ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ತಾವು ರೂಪಿಸಿದ ಸ್ವಿಫ್ಟ್ ಎಂಬ ವಿಧಾನದಿಂದ ಹಲ್ಲಿನ ಗಟ್ಟಿ ಭಾಗವನ್ನೂ ಮೃದು ಭಾಗವನ್ನೂ ಒಂದೇ ಚಿತ್ರದಲ್ಲಿ ತೋರಿಸಿ, ಅದರ ವಿವರಗಳನ್ನು 2011ರಲ್ಲಿ ಪ್ರಕಟಿಸಿದರು.

ಹುಳುಕು ಹುಟ್ಟುವ ಬಗೆಯೂ ಎಂಆರ್‌ಐಗೆ ಅನುಕೂಲವಾಗಿಯೇ ಇದೆ. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸಿ, ಹಲ್ಲಿನ ಮೇಲ್ಮೈಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮೆಲ್‌ನ ಖನಿಜ ಕರಗತೊಡಗುತ್ತದೆ. ಕರಗಿದ ಕಡೆ ಉಂಟಾಗುವ ಸೂಕ್ಷ್ಮ ರಂಧ್ರಗಳಿಗೆ ನೀರು ನುಗ್ಗುತ್ತದೆ. ಎಕ್ಸ್-ರೇ ಅಳೆಯುವುದು ಹೋದ ಖನಿಜವನ್ನು, ಎಂಆರ್‌ಐ ತೋರಿಸುವುದು ಅದರ ಜಾಗಕ್ಕೆ ಬಂದ ನೀರನ್ನು. ಖನಿಜದ ಮೂರನೇ ಒಂದು ಭಾಗದಷ್ಟಾದರೂ ನಷ್ಟವಾಗುವ ತನಕ ಎಕ್ಸ್-ರೇಯಲ್ಲಿ ಹುಳುಕು ನಿಚ್ಚಳವಾಗಿ ಕಾಣುವುದು ಕಷ್ಟ, ಕಂಡಾಗಲೂ ಅದರ ಆಳ ನಿಜಕ್ಕಿಂತ ಕಡಿಮೆಯೆಂದೇ ತೋರುವುದು ರೂಢಿ. ಎಂಆರ್‌ಐಯಲ್ಲಿ ಅದೇ ಜಾಗ ಕಪ್ಪು ಹಿನ್ನೆಲೆಯಲ್ಲಿ ಬೆಳ್ಳನೆಯ ಕಲೆಯಾಗಿ ಎದ್ದು ಕಾಣಬಲ್ಲದು.

ಇಷ್ಟನ್ನು ಓದಿ ಎಕ್ಸ್-ರೇಯ ಕಾಲ ಮುಗಿಯಿತೆಂದು ಬರೆಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆರೋಗ್ಯವಂತ ಎನಾಮೆಲ್ ಕಪ್ಪು, ಸುತ್ತಲಿನ ಗಾಳಿಯೂ ಕಪ್ಪು, ಆದ್ದರಿಂದ ಹಲ್ಲಿನ ಅಂಚು ಎಲ್ಲಿ ಮುಗಿಯಿತೆಂಬುದೇ ತಿಳಿಯದೆ ಹೋಗಬಹುದು. ಜೊಲ್ಲು ಮತ್ತು ಹಲ್ಲಿಗಂಟಿದ ತೇವದ ಪಾಚಿಯೂ ಬೆಳ್ಳಗೆ ಕಾಣುವುದರಿಂದ ಅವು ಮೇಲ್ಮೈಯ ಹುಳುಕಿನೊಂದಿಗೆ ಬೆರೆತುಹೋಗುವ ಸಾಧ್ಯತೆಯಿದೆ. ಚಿತ್ರದ ಸೂಕ್ಷ್ಮತೆಯಲ್ಲಿ ಸಣ್ಣ ಎಕ್ಸ್-ರೇ ಚಿತ್ರವನ್ನು ಎಂಆರ್‌ಐ ಸರಿಗಟ್ಟುವುದಿಲ್ಲ. ಹಲವು ನಿಮಿಷಗಳ ಕಾಲ ನಾಲಿಗೆ ಆಡಿಸದೆ ಮಲಗಿರುವುದೂ ಎಲ್ಲರಿಗೂ ಸುಲಭವಲ್ಲ. ಹಲ್ಲು ನೇರವಾಗಿಸಲು ಹಾಕಿದ ಸ್ಟೀಲಿನ ತಂತಿ ಮತ್ತು ಬ್ರ್ಯಾಕೆಟ್‌ಗಳಿದ್ದರಂತೂ ಸುತ್ತಲಿನ ಚಿತ್ರವೇ ವಿಕಾರಗೊಳ್ಳುತ್ತದೆ. ವಿಕಿರಣವಿಲ್ಲ ಎಂಬ ವಾದ ನಿಜವೇ ಆದರೂ, ಒಂದು ಸಣ್ಣ ದಂತ ಎಕ್ಸ್-ರೇಯ ವಿಕಿರಣ ಕೆಲವೇ ಮೈಕ್ರೋಸೀವರ್ಟ್ ಮಾತ್ರವಾಗಿದ್ದು, ನಿಸರ್ಗದಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ಅಂದರೆ 2,400 ಮೈಕ್ರೋಸೀವರ್ಟ್) ನಮ್ಮ ಮೈಗೆ ತಾಕುತ್ತಲೇ ಇರುವಾಗ, ಅದೊಂದನ್ನೇ ಮುಂದಿಟ್ಟು ದುಬಾರಿ ಯಂತ್ರವನ್ನು ಸಮರ್ಥಿಸುವುದು ಕಷ್ಟ.

ಎಂಆರ್‌ಐಯ ನಿಜವಾದ ಬಲವಿರುವುದು ಹಲ್ಲಿನ ತಿರುಳಿನಲ್ಲಿ ಎಂಬುದು ನನ್ನ ಅಭಿಪ್ರಾಯ. ಆಳವಾದ ಹುಳುಕಿನ ಎದುರು ದಂತವೈದ್ಯರು ನಿರ್ಧರಿಸಬೇಕಾದದ್ದು ತಿರುಳು ಚೇತರಿಸಿಕೊಳ್ಳುವ ಸ್ಥಿತಿಯಲ್ಲಿದೆಯೇ, ಅಥವಾ ರೂಟ್ ಕೆನಾಲ್ ಅನಿವಾರ್ಯವೇ ಎಂಬುದನ್ನು. ಈಗ ಅದಕ್ಕಿರುವ ಮುಖ್ಯ ಆಧಾರ ರೋಗಿ ಹೇಳುವ ನೋವಿನ ಬಗೆ, ಜೊತೆಗೆ ಹಲ್ಲಿಗೆ ತಣ್ಣನೆಯ ಸ್ಪರ್ಶ ಅಥವಾ ಸಣ್ಣ ವಿದ್ಯುತ್ ತಾಕಿಸಿ ನೋಡುವ ಪರೀಕ್ಷೆ. ಈ ಪರೀಕ್ಷೆಗಳು ನರದ ಪ್ರತಿಕ್ರಿಯೆಯನ್ನಷ್ಟೇ ಹೇಳುತ್ತವೆ. ತಿರುಳಿನ ಜೀವ ನಿಂತಿರುವುದು ರಕ್ತದ ಹರಿವಿನ ಮೇಲೆ. ಪೆಟ್ಟು ಬಿದ್ದ ಹಲ್ಲಿನಲ್ಲಿ ರಕ್ತ ಸಂಚಾರ ಮರಳಿದ್ದರೂ ನರ ಬಹಳ ದಿನ ಸುಮ್ಮನಿರಬಹುದು, ಆಗ ಬದುಕಿರುವ ಹಲ್ಲನ್ನು ಸತ್ತದ್ದೆಂದು ಎಣಿಸುವ ಅಪಾಯವಿದೆ. ಉರಿಯೂತದಿಂದ ತಿರುಳಿನ ನೀರಿನ ಸ್ಥಿತಿ ಬದಲಾದಾಗ ಎಂಆರ್‌ಐಯ ಟಿ2 ಅಳತೆಯೂ (ಸಂಕೇತ ಎಷ್ಟು ಬೇಗ ಅಡಗುತ್ತದೆಂಬುದರ ಲೆಕ್ಕ) ಬದಲಾಗುತ್ತದೆ, ಚಿತ್ರದಲ್ಲಿ ಎದ್ದು ಕಾಣುವ ಗ್ಯಾಡೋಲಿನಿಯಮ್ ಎಂಬ ಲೋಹಾಂಶವಿರುವ ಔಷಧವನ್ನು ರಕ್ತನಾಳಕ್ಕೆ ಕೊಟ್ಟರೆ ತಿರುಳಿಗೆ ರಕ್ತ ತಲುಪುತ್ತಿದೆಯೇ ಎಂಬುದನ್ನು ನೇರವಾಗಿಯೇ ನೋಡಬಹುದು. ಎಕ್ಸ್-ರೇ ಎಷ್ಟೇ ಸುಧಾರಿಸಿದರೂ ಈ ಮಾಹಿತಿ ಕೊಡಲಾರದು. ವಸಡಿನ ಕಾಯಿಲೆಯಲ್ಲಿಯೂ ಹೀಗೆಯೇ: ಮೂಳೆ ಕರಗಿದ ಮೇಲಷ್ಟೇ ಎಕ್ಸ್-ರೇಗೆ ಸುದ್ದಿ ತಲುಪುತ್ತದೆ, ಮೂಳೆಯೊಳಗಿನ ಮಜ್ಜೆಯ ಊತವನ್ನು ಎಂಆರ್‌ಐ ಅದಕ್ಕೂ ಮೊದಲೇ ಗುರುತಿಸಬಲ್ಲದು.

ಸೀಮೆನ್ಸ್ ಹೆಲ್ತಿನಿಯರ್ಸ್ ಮತ್ತು ಡೆಂಟ್ಸ್‌ಪ್ಲೈ ಸಿರೋನಾ ಕಂಪನಿಗಳು ಜೊತೆಗೂಡಿ ದಂತವೈದ್ಯಕೀಯಕ್ಕೆಂದೇ ಸಿದ್ಧಪಡಿಸಿರುವ ಯಂತ್ರದ ಕಾಂತಕ್ಷೇತ್ರ 0.55 ಟೆಸ್ಲಾ; ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವುದು 1.5 ಅಥವಾ 3 ಟೆಸ್ಲಾ. ಕ್ಷೇತ್ರ ದುರ್ಬಲವಾದಷ್ಟೂ ಬಾಯಿಯಲ್ಲಿರುವ ಲೋಹದಿಂದಾಗುವ ವಿಕಾರ ಕಡಿಮೆ, ಆದರೆ ಸಂಕೇತವೂ ಅದರ ಜೊತೆಗೇ ಕುಗ್ಗುತ್ತದೆ. ಆ ಕೊರತೆಯನ್ನು ತುಂಬಲು ಸಂಕೇತವನ್ನು ಹಿಡಿಯಲು ದವಡೆಯ ಹತ್ತಿರವೇ ಇಡುವ ವಿಶೇಷ ಕಾಯಿಲ್‌ಗಳು ಬೇಕು, ಇಲ್ಲವೇ ಚಿತ್ರೀಕರಣದ ಅವಧಿಯನ್ನು ಹೆಚ್ಚಿಸಬೇಕು. ಹೆಚ್ಚಿಸಿದ ಅವಧಿಯಲ್ಲಿ ರೋಗಿ ಒಮ್ಮೆಯಾದರೂ ಉಗುಳು ನುಂಗದೆ ಇರಲಾರ, ನುಂಗಿದರೆ ದವಡೆ ಅಲುಗದೆ ಇರದು.