ಹೆನ್ಲಿ ದೋಣಿ ಸ್ಪರ್ಧೆ: ಕಾರು ಬಿಡಿ, ದಂಡೆ ಹಿಡಿದು ನಡೆಯಿರಿ

ಹೊನ್ನಾವರ, ಕುಮಟಾ ಕಡೆಯಿಂದ ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಹೋಗುವವರು ಈಗ ಜಾಸ್ತಿ. ಜುಲೈ ಶುರುವಿನಲ್ಲಿ ಅಲ್ಲಿದ್ದರೆ ಥೇಮ್ಸ್ ದಂಡೆಯ ಹೆನ್ಲಿ ಊರಿನಲ್ಲಿ ನಡೆಯುವ ದೋಣಿ ಸ್ಪರ್ಧೆ, ಹೆನ್ಲಿ ರಾಯಲ್ ರೆಗಾಟಾ ನೋಡಲೇಬೇಕು. ಕಾರಿನಲ್ಲಿ ಮಾತ್ರ ಹೋಗಬೇಡಿ.

ಮಗ ನಮ್ಮನ್ನು ರೆಡಿಂಗ್‌ನಿಂದ ಕಾರಿನಲ್ಲಿ ಕರೆದುಕೊಂಡು ಹೋದ. ಯಾರದೋ ಹೊಲವೇ ಪಾರ್ಕಿಂಗ್ ಜಾಗ. ಆನ್‌ಲೈನ್‌ನಲ್ಲಿ ತೋರಿಸಿದ್ದು ಒಂದು ದರ, ಗೇಟಿನಲ್ಲಿ ಕೇಳಿದ್ದು ಹತ್ತಿರ ಹತ್ತಿರ ಅದರ ದುಪ್ಪಟ್ಟು. ಹಿಂದೆ ಕಾರುಗಳ ಸಾಲು, ತಿರುಗಿಸಲು ಜಾಗವಿಲ್ಲ. ಕೊಟ್ಟೆವು. ಸಂಜೆ ಹೊರಡುವಾಗ ಚಕ್ರ ಕೆಸರಿನಲ್ಲಿ ಹೂತುಹೋಯಿತು. ಗೇಟಿನವರು ಆಗ ಪತ್ತೆಯೇ ಇಲ್ಲ, ಪಕ್ಕದ ಕಾರಿನವರು ಬಂದು ತಳ್ಳಿದರು. ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮರುದಿನ ರೈಲಿನಲ್ಲೇ ಹೋದೆವು. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಬರಲಿ, ರೆಡಿಂಗ್‌ನಿಂದ ಬರಲಿ, ಟ್ವೈಫರ್ಡ್‌ನಲ್ಲಿ ಇಳಿದು ಹೆನ್ಲಿಯ ಚಿಕ್ಕ ರೈಲು ಹತ್ತಿದರಾಯಿತು. ಸ್ಟೇಷನ್ನಿನಿಂದ ನದಿ ತೀರಾ ಹತ್ತಿರ.

ಸ್ಪರ್ಧೆ ನೋಡಲು ದಂಡೆಯಲ್ಲಿ ಎನ್‌ಕ್ಲೋಷರ್ ಎಂಬ ಆವರಣಗಳಿವೆ. ಸ್ಟೀವರ್ಡ್ಸ್ ಎನ್‌ಕ್ಲೋಷರ್ ಒಳಗೆ ಸದಸ್ಯರಿಗೆ, ಅವರ ಅತಿಥಿಗಳಿಗೆ ಮಾತ್ರ ಪ್ರವೇಶ. ಗಂಡಸರಿಗೆ ಕೋಟು, ಟೈ ಕಡ್ಡಾಯ. ಹೆಂಗಸರಿಗೆ ಪ್ಯಾಂಟು ಹಾಕಲು ಬಿಟ್ಟಿದ್ದೇ 2021ರಲ್ಲಿ! ಟಿಕೆಟ್ ಕೊಂಡು ಹೋಗುವ ರೆಗಾಟಾ ಎನ್‌ಕ್ಲೋಷರ್ ಬೇರೆ ಇದೆ. ನನಗೆ ಗದ್ದಲ ಆಗುವುದಿಲ್ಲ, ಹಾಗಾಗಿ ಎರಡೂ ಬೇಡ ಎನ್ನುತ್ತೇನೆ. ಸೇತುವೆ ದಾಟಿ, ಬರ್ಕ್‌ಷೈರ್ ದಂಡೆಯ ಕಾಲುದಾರಿ ಹಿಡಿದು ಟೆಂಪಲ್ ದ್ವೀಪದ ಕಡೆ ನಡೆಯಿರಿ. ಒಂದು ಪೈಸೆ ಖರ್ಚಿಲ್ಲ.

ಸ್ಪರ್ಧೆ ಶುರುವಾಗುವುದು ಆ ದ್ವೀಪದ ಹತ್ತಿರ. ಒಮ್ಮೆಗೆ ಎರಡೇ ದೋಣಿ, ಸೋತವರು ಹೊರಗೆ. 1839ರಲ್ಲಿ ಆರಂಭವಾದ ಸ್ಪರ್ಧೆ ಇದು, ಈಗ ಅಮೆರಿಕ, ಆಸ್ಟ್ರೇಲಿಯಾದಿಂದೆಲ್ಲ ತಂಡಗಳು ಬರುತ್ತವೆ. 2,112 ಮೀಟರ್ ದೂರ, ಅದೂ ಥೇಮ್ಸ್ ಹರಿವಿಗೆ ಎದುರಾಗಿ. ಶರಾವತಿಯಲ್ಲಿ ಇಳಿತದ ಹೊತ್ತಿಗೆ ಮೇಲಕ್ಕೆ ಹುಟ್ಟು ಹಾಕಿದವರಿಗೆ ಆ ಕಷ್ಟ ಗೊತ್ತು. ದಡದಿಂದ ದೋಣಿ ಎಷ್ಟು ಹತ್ತಿರ ಅಂದರೆ, ಎಂಟು ಹುಟ್ಟುಗಳು ಒಟ್ಟಿಗೆ ನೀರಿಗೆ ಬೀಳುವ ಸದ್ದು, ಚುಕ್ಕಾಣಿ ಹಿಡಿದ ಪುಟ್ಟ ಹುಡುಗಿಯ ಕೂಗು, ಹುಡುಗರ ಏದುಸಿರು ಎಲ್ಲ ಕೇಳುತ್ತದೆ. ಅರ್ಧ ನಿಮಿಷದಲ್ಲಿ ಮುಂದೆ ಹೋಗಿಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಜೋಡಿ.

ಊಟಕ್ಕೆ, ಚಹಾಕ್ಕೆ ಸ್ಪರ್ಧೆಯನ್ನೇ ನಿಲ್ಲಿಸುತ್ತಾರೆ. ಆಗ ಎಲ್ಲರೂ ಒಟ್ಟಿಗೆ ಏಳುವುದರಿಂದ ಅರ್ಧ ಗಂಟೆ ಮೊದಲೇ ಊರೊಳಗೆ ಹೋಗಿ. ನದಿ ಪಕ್ಕದ ಅಂಗಡಿಗಳಲ್ಲಿ ಸುಮ್ನೆ ದುಡ್ಡು ಸುರಿಯಬೇಡಿ. ಪೇಟೆಯ ಹಿಂದಿನ ಓಣಿಯೊಂದರಲ್ಲಿ ನಾಲ್ಕೇ ಮೇಜಿನ ಚಹಾದಂಗಡಿ ಸಿಕ್ಕಿತು. ವಯಸ್ಸಾದ ಗಂಡ ಹೆಂಡತಿ ನಡೆಸುತ್ತಾರೆ. ಸಿಪ್ಪೆ ಸಮೇತ ಬೇಯಿಸಿದ ಮುಷ್ಟಿಗಿಂತ ದೊಡ್ಡ ಆಲೂಗಡ್ಡೆ. ಮೇಲಿನ ಸಿಪ್ಪೆ ಗರಿಗರಿ, ಒಳಗೆ ಬೆಣ್ಣೆ ಕರಗಿ ಹಿಟ್ಟಿನ ಹಾಗೆ ಮೆತ್ತಗೆ. ಅದರ ಮೇಲೆ ಬಿಸಿ ಬೀನ್ಸ್, ಚೀಸ್. ನಮ್ಮಾಕೆ ಚೀಲದಿಂದ ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿ ತೆಗೆದಳು. ಅಂಗಡಿಯ ಅಜ್ಜಿಯೂ ಒಂದು ತುಂಡು ಕೇಳಿ ಚಪ್ಪರಿಸಿದಳು! ಹಾಲು ಹಾಕಿದ ಗಟ್ಟಿ ಚಹಾ ಕೆಟಲ್ ತುಂಬ ಕೊಟ್ಟರು. ಸಸ್ಯಾಹಾರಿಗಳು ಕಣ್ಣು ಮುಚ್ಚಿ ಹೋಗಬಹುದು, ಇಬ್ಬರ ಹೊಟ್ಟೆ ತುಂಬಿಯೂ ಬಿಲ್ ಹಗುರ.

ಸ್ಪರ್ಧೆ ಮಂಗಳವಾರದಿಂದ ಭಾನುವಾರದವರೆಗೆ. ಫೈನಲ್ ಭಾನುವಾರ. ಶನಿವಾರದ ಜಂಗುಳಿ, ಕುಡಿದವರ ಕೂಗಾಟ ಬೇಡ ಎನ್ನುವವರು ಬುಧವಾರ, ಗುರುವಾರ ಹೋಗಿ. ಆಗ ದೋಣಿಗಳೂ ಜಾಸ್ತಿ. ಕೊಡೆ, ಕೂರಲು ಚಾದರ ಇರಲಿ. ಸಂಜೆ ಕೊನೆಯ ಸ್ಪರ್ಧೆವರೆಗೆ ಕಾದರೆ ಆ ಚಿಕ್ಕ ರೈಲಿನಲ್ಲಿ ನಿಲ್ಲಲೂ ಜಾಗ ಸಿಗುವುದು ಕಷ್ಟ. ಮೊಣಕಾಲು ನೋವಿದ್ದವರು ಚಹಾ ವಿರಾಮಕ್ಕೇ ಹೊರಟುಬಿಡಿ.