ದಿವಾರ್ ಫೆರಿಯಲ್ಲಿ ಉಕುಲೆಲೆ

ಸಂಜೆ ಹಳೇ ಗೋವಾದಿಂದ ದಿವಾರ್ ದ್ವೀಪಕ್ಕೆ ಹೊರಟೆವು. ಧಾರವಾಡದಿಂದ ಬಂದ ತಂಗಿಯ ಕೈಯಲ್ಲಿ ಪುಟ್ಟ ಗಿಟಾರಿನಂಥ ಉಕುಲೆಲೆ. ಮಾಂಡವಿ ದಾಟುವಷ್ಟು ಹೊತ್ತೂ ನುಡಿಸುತ್ತಲೇ ಇದ್ದಳು.

ಇದು ಹವಾಯಿಯ ವಾದ್ಯ, ಅಲ್ವಾ? ಆದರೆ ಬೇರು ಇನ್ನೊಂದು ದ್ವೀಪದಲ್ಲಿದೆ. 1879ರಲ್ಲಿ ಪೋರ್ಚುಗಲ್‌ನ ಮದೈರಾದಿಂದ ಕಬ್ಬಿನ ತೋಟದ ಕೆಲಸಕ್ಕೆಂದು ಜನ ಹಡಗಿನಲ್ಲಿ ಹೊನೊಲುಲುಗೆ ಬಂದರು. ಅವರಲ್ಲಿ ಮೂವರು ಬಡಗಿಗಳು. ತಮ್ಮೂರಿನ ನಾಲ್ಕು ತಂತಿಯ ಪುಟ್ಟ ವಾದ್ಯದ ಮಾದರಿ ಹಿಡಿದು, ಅಲ್ಲಿನ ಕೋವಾ ಮರದಲ್ಲಿ ಹೊಸದನ್ನು ಕೆತ್ತಿದರು. ಹವಾಯಿಯ ಜನ ತಮ್ಮ ಭಾಷೆಯ ಹೆಸರಿಟ್ಟು ಅದನ್ನು ಮನೆಮಗುವಾಗಿಸಿಕೊಂಡರು.

ಊರು ಬಿಡುವಾಗ ಉಳಿಯನ್ನೂ ಹಾಡನ್ನೂ ಹೊತ್ತೊಯ್ದವರ ಮೇಲೆ ನನಗೆ ಜಾಸ್ತಿ ಪ್ರೀತಿ. ನಾನೂ ಊರು ಬಿಟ್ಟು ಬಂದವಳೇ.

ದಡ ಬಂತು. ತಂಗಿ ಇನ್ನೂ ನುಡಿಸುತ್ತಿದ್ದಳು. ಇಳಿಯಲು ನಮಗಿಬ್ಬರಿಗೂ ಮನಸ್ಸಾಗಲಿಲ್ಲ.