ಎರ್ಕೂಪ್ ಕೆಲಸ: ತೂಕ ಹಾಕಿದ್ದಾಯ್ತು, ಹಳೇ ಕಾಗದ ಓದಿದ್ದಾಯ್ತು

ನಾನೂ ಒಬ್ಬ ಗೆಳೆಯನೂ ಸೇರಿ ರಿಪೇರಿ ಮಾಡುತ್ತಿರುವ ಹಳೇ ಪುಟ್ಟ ವಿಮಾನದ ಬಣ್ಣದ ಕೆಲಸ ಸದ್ಯಕ್ಕೆ ನಿಲ್ಲಿಸಿದ್ದೇವೆ. ಈ ಸಲ ಪೂರ್ತಿ ತೂಕದ್ದೇ ಲೆಕ್ಕ.

ನಮ್ಮದು ಎರ್ಕೂಪ್ 415-ಸಿ. ನಾವಿರುವ ಮೇರಿಲ್ಯಾಂಡ್‌ನಲ್ಲೇ, ರಿವರ್‌ಡೇಲ್‌ನ ಎರ್ಕೋ ಕಾರ್ಖಾನೆಯಲ್ಲಿ 1946ರಲ್ಲಿ ತಯಾರಾದದ್ದು. ಎರಡು ಸೀಟು, 75 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ಇದನ್ನು ವಿನ್ಯಾಸ ಮಾಡಿದ ಫ್ರೆಡ್ ವೈಕ್, ಬಾಲದ ರಡ್ಡರನ್ನು ಕಾಲಲ್ಲಿ ತಿರುಗಿಸುವ ಪೆಡಲ್ಲೇ ಇಡಲಿಲ್ಲ. ಕಾರಿನ ಹಾಗೆ ಸ್ಟಿಯರಿಂಗ್ ತಿರುಗಿಸಿದರೆ ಸಾಕು.

ಇದರಲ್ಲಿ ಸಿ ಮಾಡೆಲ್ಲೇ ಬೇಕು ಅಂತ ಹುಡುಕಿದ್ದಕ್ಕೆ ಕಾರಣ ಇತ್ತು. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ 2004ರಲ್ಲಿ ಹಗುರ ವಿಮಾನಗಳ ಲೈಟ್ ಸ್ಪೋರ್ಟ್ ನಿಯಮ ತಂದಾಗ ನೆಲದ ಮೇಲಿಳಿಯುವ ವಿಮಾನಕ್ಕೆ 1,320 ಪೌಂಡ್ ಮಿತಿ ಹಾಕಿತು. ಅಂದರೆ ಸುಮಾರು 600 ಕಿಲೋ, ಟೇಕಾಫ್ ಹೊತ್ತಿನ ಒಟ್ಟು ತೂಕ. 415-ಸಿಯ ಮಿತಿ 1,260 ಪೌಂಡ್, ಆದ್ದರಿಂದ ಪಾಸ್. 415-ಡಿಗೆ 1,400, ಫೇಲ್. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಗೊತ್ತಾಗೋದೇ ಇಲ್ಲ. ಇಂಥ ಅರ್ಹ ವಿಮಾನ ಮಾತ್ರ ಹಾರಿಸುವ ಸ್ಪೋರ್ಟ್ ಪೈಲಟ್ ಆದರೆ ಮೆಡಿಕಲ್ ಸರ್ಟಿಫಿಕೇಟ್ ಬದಲು ಡ್ರೈವಿಂಗ್ ಲೈಸೆನ್ಸ್ ನಡೆಯುತ್ತದೆ. ಕೊನೆಯ ಸಲ ಅರ್ಜಿ ಹಾಕಿದಾಗ ಮೆಡಿಕಲ್ ನಿರಾಕರಿಸಿರಬಾರದು. ಜೊತೆಗೆ ದುಡ್ಡು ಹಾಕಿದ ನನ್ನ ಗೆಳೆಯನಿಗೆ ಅದೇ ಮುಖ್ಯವಾಗಿತ್ತು.

ಆ ನಿಯಮದಲ್ಲಿ ಒಂದು ಕೊಕ್ಕೆ ಇತ್ತು. ವಿಮಾನ ಮೊದಲ ಸರ್ಟಿಫಿಕೇಟ್ ಪಡೆದ ದಿನದಿಂದಲೂ ಮಿತಿಯೊಳಗೇ ಇರಬೇಕು. ಯಾರೋ ಹಳೇ ಮಾಲೀಕರು ಒಮ್ಮೆ ಡಿ ಮಾಡೆಲ್ ಆಗಿ ಬದಲಾಯಿಸಿ ಮತ್ತೆ ಸಿಗೆ ಇಳಿಸಿದ್ದರೂ ಅರ್ಹತೆ ಹೋಯ್ತು, ವಾಪಸ್ ಬರಲ್ಲ. ಅದಕ್ಕೇ ಒಕ್ಲಹೋಮ ಸಿಟಿಯ ಎಫ್‌ಎಎ ಕಚೇರಿಯಿಂದ ಇದರ ಪೂರ್ತಿ ಕಡತ ತರಿಸಿ, ಒಂದೊಂದೇ ಫಾರಂ 337 ಓದಿದೆ. ದೊಡ್ಡ ಬದಲಾವಣೆ ಮಾಡಿದಾಗೆಲ್ಲ ಈ ಫಾರಂ ತುಂಬಬೇಕು. ಮಸುಕು ಟೈಪಿಂಗ್, ಯಾರದೋ ಗೀಚು ಸಹಿ. ನನಗಂತೂ ರಿಪೇರಿಗಿಂತ ಇದೇ ಮಜಾ ಅನಿಸಿತು. ಎಲ್ಲೂ 1,400 ಕಾಣಲಿಲ್ಲ. ವಿಮಾನದಲ್ಲೂ ಸಾಕ್ಷಿ ಸಿಗುತ್ತದೆ: ಸಿ ಮಾಡೆಲ್‌ನ ಎಲಿವೇಟರ್ (ಮೂಗನ್ನು ಮೇಲೆ ಕೆಳಗೆ ಮಾಡುವ ಬಾಲದ ಭಾಗ) 13 ಡಿಗ್ರಿ ಮೇಲೇಳುತ್ತದೆ, ಡಿಯದ್ದು 9 ಮಾತ್ರ. ಕೋನಮಾಪಕ ಇಟ್ಟು ನೋಡಿದೆವು, 13 ಬಂತು.

ಕಡತದಲ್ಲಿ ಸಿಕ್ಕ ಇನ್ನೊಂದು ವಿಷಯ ಅಷ್ಟು ಖುಷಿಯದಲ್ಲ. ರೆಕ್ಕೆಗಳಿಗೆ ಮೊದಲು ಬಟ್ಟೆ ಇತ್ತು. ಹಿಂದಿನವರೊಬ್ಬರು ಅದನ್ನು ತೆಗೆಸಿ ಅಲ್ಯೂಮಿನಿಯಂ ತಗಡು ಹೊದಿಸಿದ್ದಾರೆ. ಮಳೆ ಬಿಸಿಲಿಗೆ ಒಳ್ಳೇದೇ, ಆದರೆ ತೂಕ?

ಟ್ಯಾಂಕ್ ಖಾಲಿ ಮಾಡಿ, ಮೂರು ಚಕ್ರದ ಕೆಳಗೂ ತಕ್ಕಡಿ ಇಟ್ಟು, ಹ್ಯಾಂಗರ್ ಬಾಗಿಲು ಮುಚ್ಚಿ ತೂಗಿದೆವು. ಗಾಳಿ ಬಂದರೆ ರೆಕ್ಕೆ ಸುಮ್ನಿರಲ್ಲ, ಎತ್ತೋಕೆ ನೋಡುತ್ತದೆ, ಲೆಕ್ಕ ತಪ್ಪುತ್ತದೆ. ಪ್ಯಾನೆಲ್ ಹಿಂದೆ ಸತ್ತುಬಿದ್ದಿದ್ದ ರೇಡಿಯೋ, ಎಲ್ಲಿಗೂ ಹೋಗದ ವೈರುಗಳು, ಒಂದರ ಮೇಲೊಂದು ಹಾಸಿದ್ದ ಕಾರ್ಪೆಟ್ ಎಲ್ಲ ಮೊದಲೇ ಕಿತ್ತಿದ್ದೆವು. ಆದರೂ ಖಾಲಿ ವಿಮಾನ 840 ಪೌಂಡ್ ತೂಗಿತು.

ಈಗ ಕೂಡಿ ಕಳೆಯಿರಿ. 1,260ರಲ್ಲಿ 840 ಹೋದರೆ 420. ಎಂಜಿನ್ ಆಯಿಲ್‌ಗೆ ಸುಮಾರು 8. ತಲಾ 80 ಕಿಲೋದ ಇಬ್ಬರು ಕೂತರೆ 353. ಉಳಿದದ್ದು 59. ಪೆಟ್ರೋಲ್ ಗ್ಯಾಲನ್‌ಗೆ 6 ಪೌಂಡ್, ಹಾಗಾಗಿ 10 ಗ್ಯಾಲನ್ನೂ ಹಿಡಿಸಲ್ಲ. ಟ್ಯಾಂಕುಗಳಲ್ಲಿ ಜಾಗ ಇರೋದು 24ಕ್ಕೆ! ಗಂಟೆಗೆ 5 ಗ್ಯಾಲನ್ ಕುಡಿಯುತ್ತದೆ. ಅರ್ಧ ಗಂಟೆಯದ್ದು ಮೀಸಲಿಟ್ಟರೆ, ಇಬ್ಬರೂ ಒಟ್ಟಿಗೆ ಒಂದೂವರೆ ಗಂಟೆಯೂ ಹಾರೋ ಹಾಗಿಲ್ಲ.

'ಮಾರಾಯ, ಆ ತೂಕದ ರೂಲೇ ಹೋಯ್ತಲ್ಲ' ಅಂದ ಗೆಳೆಯ. ಹೋಗಿದೆ ನಿಜ. 2025ರ ಜುಲೈನಲ್ಲಿ ಎಫ್‌ಎಎ ಮೊಸಾಯಿಕ್ ಅನ್ನುವ ಹೊಸ ನಿಯಮ ಪ್ರಕಟಿಸಿತು. ಅಕ್ಟೋಬರ್ 22ರಿಂದ ಸ್ಪೋರ್ಟ್ ಪೈಲಟ್‌ಗೆ ತೂಕದ ಮಿತಿ ಇಲ್ಲ. ರೆಕ್ಕೆಯ ಫ್ಲಾಪ್ ಇಳಿಸದೆ ಸ್ಟಾಲ್ ವೇಗ (ಇದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲ್ಲ) 59 ನಾಟ್ ಒಳಗಿದ್ದರೆ ಆಯ್ತು. ಹಾಗಾಗಿ 1,400 ಪೌಂಡ್‌ನ ಡಿ ಕೂಡ ಇದರೊಳಗೆ ಬಂತು, 1,450ರ ಸೆಸ್ನಾ 140 ಬಂತು, ನಾಲ್ಕು ಸೀಟಿನ 172 ಕೂಡ ಬಂತು, ಕರೆದೊಯ್ಯೋದು ಮಾತ್ರ ಒಬ್ಬರನ್ನೇ. ಆದರೆ ಸಡಿಲವಾದದ್ದು ಪೈಲಟ್‌ನ ಮಿತಿ. ನಮ್ಮ ವಿಮಾನದ ಸರ್ಟಿಫಿಕೇಟ್‌ನಲ್ಲಿರುವ 1,260 ಅಲ್ಲೇ ಇದೆ, ಒಂದು ಪೌಂಡ್ ಆಚೀಚೆ ಆಗಿಲ್ಲ.

ಒಂದು ಬದಲಾವಣೆ ಮಾತ್ರ ಲಾಭವೇ. ಈಗ ಡಿ ಮಾಡಿಸಿದರೂ ಅರ್ಹತೆ ಹೋಗಲ್ಲ, 140 ಪೌಂಡ್ ಸಿಗುತ್ತದೆ. ಗೆಳೆಯನ ವಾದ ಅದು. ನನಗೆ ಮನಸ್ಸಿಲ್ಲ. ಎಲಿವೇಟರ್ 9 ಡಿಗ್ರಿಗೆ ಇಳಿದರೆ ಲ್ಯಾಂಡಿಂಗ್ ವೇಳೆ ಮೂಗೆತ್ತೋದು ಕಷ್ಟ, ನಮ್ಮ ರನ್‌ವೇ ಬೇರೆ ಚಿಕ್ಕದು. ಮೆಕ್ಯಾನಿಕ್ ಹೊಸ ತೂಕದ ಹಾಳೆಗೆ ಸಹಿ ಹಾಕಿದ ಮೇಲೆ ಇಬ್ಬರೂ ಕೂತು ತೀರ್ಮಾನಿಸಬೇಕು. ಅಲ್ಲಿವರೆಗೆ ಮೂಗಿನ ಚಕ್ರದ ಬುಷ್ ಬದಲಿಸುತ್ತೇನೆ.